ಕಿವಿ ಮೇಸ್ತ್ರಿ ಮತ್ತು ನೆನೆದ ಗೋಡೆ

ಕಿವಿ ಮೇಸ್ತ್ರಿಗೆ ಆ ಹೆಸರು ಬಂದದ್ದು ಕಿವಿ ದೊಡ್ಡದು ಅಂತಲ್ಲ. ಅವನ ಕಿವಿಗಳು ಎಲ್ಲರ ಕಿವಿಗಳಷ್ಟೇ ಇದ್ದವು. ಬಲಗಿವಿಯ ಹಿಂದೆ ಸದಾ ಒಂದು ಪೆನ್ಸಿಲ್ ತುಂಡು ಸಿಕ್ಕಿಸಿರುತ್ತಿದ್ದ, ಅಷ್ಟೆ. ಗೋಡೆ ತೇವವಾಗಿದೆ ಅಂತ ಕರೆದರೆ ಬೇರೆ ಮೇಸ್ತ್ರಿಗಳು ಮೊದಲು ಗೋಡೆ ನೋಡುತ್ತಾರೆ, ಆಮೇಲೆ ಮನೆಯವರ ಮುಖ ನೋಡುತ್ತಾರೆ, ಆಮೇಲೆ ಎಲ್ಲ ಒಡೆಯಬೇಕು ಅನ್ನುತ್ತಾರೆ. ಇವನು ಹಾಗಲ್ಲ. ಕರಣೆಯನ್ನು ತಿರುಗಿಸಿ ಹಿಡಿದು, ಅದರ ಮರದ ಹಿಡಿಯಿಂದ ಗೋಡೆಯನ್ನು ತಟ್ಟುತ್ತ, ತಲೆ ಓರೆ ಮಾಡಿಕೊಂಡು ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದ. ಗಟ್ಟಿ ಇದ್ದಲ್ಲಿ ‘ಟಣ್’ ಅನ್ನುತ್ತದೆ. ಗಾರೆ ಇಟ್ಟಿಗೆಯನ್ನು ಬಿಟ್ಟಿದ್ದರೆ ‘ಟೊಕ್’. ಒಳಗೆ ನೀರು ಕುಡಿದು ಇಟ್ಟಿಗೆ ಕೊಳೆತಿದ್ದರೆ ‘ಬೊದ್’ ಅಂತ ಒಂದು ಸದ್ದು, ಒದ್ದೆ ಮೂಟೆಗೆ ಗುದ್ದಿದ ಹಾಗೆ. ಬೊದ್ ಅಂದ ಕಡೆ ಪೆನ್ಸಿಲ್ ತೆಗೆದು ಒಂದು ಸುತ್ತು ಹಾಕುತ್ತಿದ್ದ. ಒಡೆಯುವುದು ಅಷ್ಟನ್ನೇ. ಒಡೆದಲ್ಲಿ ತಪ್ಪದೆ ಕೊಳೆತ ಇಟ್ಟಿಗೆ ಸಿಗುತ್ತಿತ್ತು.

ಇಂಥವನಿಗೆ ಜಂಬ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಮನೆಯವರನ್ನೆಲ್ಲ ನಿಲ್ಲಿಸಿಕೊಂಡು, “ಮಾತಾಡಬೇಡಿ, ಗೋಡೆ ಮಾತಾಡ್ತಿದೆ” ಅನ್ನುವಾಗ ಅವನ ಮುಖ ನೋಡಬೇಕಿತ್ತು.

ಅವನಿಗೆ ಕೆಲಸ ಕಲಿಸಿದ ದೊಡ್ಡ ಮೇಸ್ತ್ರಿ ಒಂದು ರೂಢಿ ಹಾಕಿಕೊಟ್ಟಿದ್ದ. ಕಟ್ಟಿದ್ದಕ್ಕೆ ಮೊದಲ ಸಲ ಭಾರ ಬೀಳುವಾಗ ಕಟ್ಟಿದವನು ಅದರ ಅಡಿಯಲ್ಲಿ ಇರಬೇಕು. ತಾರಸಿಗೆ ಕೊಟ್ಟ ಆಸರೆ ಬಿಚ್ಚುವಾಗ ಕೆಳಗೆ ನಿಲ್ಲಬೇಕು, ಗೋಡೆಯಿಂದ ಚಾಚಿದ ಸಜ್ಜಾಕ್ಕೆ ನೀರಿನ ತೊಟ್ಟಿ ಏರಿಸುವಾಗ ಅದರ ಕೆಳಗೆ ಕೂರಬೇಕು. “ನಿಂಗೇ ನಿಲ್ಲೋಕೆ ಧೈರ್ಯ ಇಲ್ಲ ಅಂದ್ಮೇಲೆ ಮನೆಯವರನ್ನ ಯಾಕೋ ಅಲ್ಲಿ ಮಲಗಿಸ್ತೀಯ?” ಅಂತ ದೊಡ್ಡ ಮೇಸ್ತ್ರಿ ಗದರಿದ್ದು ಇವನಿಗೆ ಇಪ್ಪತ್ತರ ಪ್ರಾಯದಲ್ಲಿ. ಅಲ್ಲಿಂದ ಇಲ್ಲಿವರೆಗೆ, ಮೂವತ್ತೆರಡು ವರ್ಷ, ಒಂದು ಕೆಲಸದಲ್ಲೂ ಅವನು ಆ ರೂಢಿ ತಪ್ಪಿಸಿರಲಿಲ್ಲ. ತಪ್ಪಿಸಿದ್ದು ಒಂದೇ ಸಲ. ಈ ಕತೆ ಆ ಒಂದು ಸಲದ್ದು.

ಕಿವಿ ಕೆಟ್ಟದ್ದು ಒಂದೇ ದಿನಕ್ಕಲ್ಲ. ಗೋಡೆ ಕೊರೆಯುವ ಯಂತ್ರ ಬಂದ ಮೇಲೆ ದಿನವಿಡೀ ಅದರ ಪಕ್ಕವೇ ತಲೆ ಇಟ್ಟುಕೊಂಡು ಕೆಲಸ ಮಾಡಿದ್ದಕ್ಕೋ, ವಯಸ್ಸಿಗೋ, ಮೊದಲು ಬಲಗಿವಿಯಲ್ಲಿ ಒಂದು ಗುಂಯ್ ಸದ್ದು ಸೇರಿಕೊಂಡಿತು. ಬಂದ ನೆಂಟ ಹೋಗಲೇ ಇಲ್ಲ. ಆಮೇಲೆ ಆ ಕಿವಿ ಪೂರ್ತಿ ಮುಚ್ಚಿಹೋಯಿತು. ಎಡಗಿವಿಯಲ್ಲಿ ಮಾತು ಬೀಳುತ್ತಿತ್ತು, ಆದರೆ ನೀರೊಳಗಿಂದ ಯಾರೋ ಮಾತಾಡಿದಂತೆ, ಮುಖ ನೋಡಿದರೆ ಮಾತ್ರ ಅರ್ಥವಾಗುವಂತೆ.

ಅವನು ಯಾರಿಗೂ ಹೇಳಲಿಲ್ಲ. ವೈದ್ಯರಿಗೆ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಹೆಂಡತಿಯಾದರೋ ಬರೀ ಮನೆಯಲ್ಲಿರುವವಳಲ್ಲ. ಮದುವೆಯಾದ ಮರುವರ್ಷದಿಂದ ಅವನ ಜೊತೆ ಗಾರೆ ಕಲಸಿದವಳು, ಇಟ್ಟಿಗೆ ನೆನೆಸಿದವಳು, ಬಾಣಲಿ ಹೊತ್ತವಳು. ಅವಳು ಮೂರು ಸಲ ಕರೆದರೂ ಅವನು ತಿರುಗದಿದ್ದಾಗ, “ಇವರಿಗೆ ಕಲ್ಲು ಗೋಡೆ ಹೇಳಿದ್ದು ಕೇಳುತ್ತೆ, ಕಟ್ಟಿಕೊಂಡವಳು ಹೇಳಿದ್ದು ಕೇಳಲ್ಲ” ಅಂತ ನೆರೆಯವರ ಮುಂದೆ ಆಡಿಕೊಳ್ಳುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಲೋಕದ ಗಂಡಂದಿರೆಲ್ಲ ಹೀಗೇ ಇರುವುದರಿಂದ ಒಬ್ಬನಿಗೆ ನಿಜವಾಗಿ ಕಿವಿ ಹೋದರೂ ಯಾರಿಗೂ ಗೊತ್ತಾಗಲಿಲ್ಲ. ಅವನೂ ನಗುತ್ತಿದ್ದ, ಹೆದರುತ್ತಲೇ. ಕಿವಿ ಇಲ್ಲದ ಕಿವಿ ಮೇಸ್ತ್ರಿಯನ್ನು ಯಾರು ಕರೆಯುತ್ತಾರೆ? ಅದಕ್ಕೇ ಅವನು ಒಂದು ಮಾತನ್ನು ಪೂರ್ತಿ ಬಿಟ್ಟುಬಿಟ್ಟಿದ್ದ: “ಏನಂದೆ?” ಕೇಳಿಸದಿದ್ದರೆ ‘ಹೂಂ’ ಅನ್ನುವುದು, ಇಲ್ಲವೇ ಕೆಮ್ಮುವುದು, ಇಲ್ಲವೇ ಏನೋ ಕೆಲಸವಿದ್ದವನಂತೆ ಎದ್ದುಹೋಗುವುದು. ಏನಂದೆ ಅಂತ ಮಾತ್ರ ಕೇಳುತ್ತಿರಲಿಲ್ಲ.

ಅಂಥ ದಿನಗಳಲ್ಲೇ ಬೆಡ್‌ಶೀಟಕ್ಕನ ಮನೆಯಿಂದ ಕರೆ ಬಂತು.

ಬೆಡ್‌ಶೀಟಕ್ಕ ಒಂದು ಸಣ್ಣ ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಕೊಡುವವಳು. ಹಳೆಯ ಮನೆಯ ಹಿಂದೆ ಒಂದು ಕೋಣೆ ಸೇರಿಸಿ ಕಟ್ಟಿಸಿದ್ದಳು. ಅದಕ್ಕೆ ಚಪ್ಪಟೆ ತಾರಸಿ, ತಾರಸಿಯ ಮೂರು ಬದಿಗೂ ಸೊಂಟದೆತ್ತರದ ಪ್ಯಾರಾಪೆಟ್ ಗೋಡೆ. ಹಿತ್ತಲ ಕಡೆಯ ಪ್ಯಾರಾಪೆಟ್ಟಿನ ಹೊರಮೈಗೆ ಒಂದು ರಾಟೆ, ಹಿತ್ತಲ ಕೊನೆಯ ಕಬ್ಬಿಣದ ಕಂಬದಲ್ಲಿ ಇನ್ನೊಂದು ರಾಟೆ, ಎರಡರ ಮೇಲೆ ಓಡುವ ಹಗ್ಗ. ಅವಳು ತಾರಸಿಯ ಮೇಲೆ ನಿಂತು ಒದ್ದೆ ಶೀಟನ್ನು ಕ್ಲಿಪ್ಪು ಹಾಕಿ ಹಗ್ಗಕ್ಕೆ ಸಿಕ್ಕಿಸಿ ಎಳೆದರೆ ಅದು ಹಿತ್ತಲಿನ ಮೇಲೆ ತೇಲಿಕೊಂಡು ಆಚೆ ಹೋಗುತ್ತಿತ್ತು. ಒಂದಾದ ಮೇಲೆ ಒಂದು, ಹದಿನೆಂಟು ಶೀಟು. ಅವುಗಳ ನೆರಳಿನಲ್ಲಿ ಇಡೀ ಹಿತ್ತಲು ಮುಳುಗುತ್ತಿತ್ತು. ಬಿಸಿಲು ಉಳಿಯುತ್ತಿದ್ದದ್ದು ಅದರ ನೇರ ಕೆಳಗೆ, ಕೋಣೆಯ ಗೋಡೆಯ ಬುಡದ ಎರಡು ಮೊಳ ಜಾಗದಲ್ಲಿ ಮಾತ್ರ. ಅವಳ ಮಾವ ಬೆಳಗ್ಗೆ ಹತ್ತರಿಂದ ಹನ್ನೊಂದೂವರೆಯ ತನಕ ಅಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು. ಓದುತ್ತಿದ್ದರು ಅಂತ ಅವರು ಹೇಳುತ್ತಿದ್ದರು. ಗೊರಕೆ ಬೇರೆ ಹೇಳುತ್ತಿತ್ತು.

ತೊಂದರೆ ಏನೆಂದರೆ ಕೋಣೆಯೊಳಗೆ, ಚಾವಣಿ ಗೋಡೆಗೆ ಸೇರುವಲ್ಲಿ, ಕಪ್ಪು ಕಲೆ. ಸುಣ್ಣ ಹಕ್ಕಳೆಯೆದ್ದು ಇಸ್ತ್ರಿ ಮಾಡಿಟ್ಟ ಬಿಳಿ ಬಟ್ಟೆಯ ಮೇಲೆ ಉದುರುತ್ತಿತ್ತು.

“ಹೋದ ವರ್ಷ ಅಂಗಡಿಯವನು ಹೇಳ್ದ ಅಂತ ಪ್ಯಾರಾಪೆಟ್ಟಿಗೆ ಒಳಗೂ ಹೊರಗೂ ನೀರು ಹಿಡಿಯದ ಬಣ್ಣ ಬಳಿಸಿದೆ ಮೇಸ್ತ್ರಿ. ಮೂರು ಕೋಟು! ಆಮೇಲೆ ಇನ್ನೂ ಜಾಸ್ತಿ ಆಯ್ತು” ಅಂದಳು.

ಮುಖ ನೋಡಿದ್ದರಿಂದ ಇಷ್ಟು ಅವನಿಗೆ ತಿಳಿಯಿತು, ತಿಳಿದೊಡನೆ ಮುಕ್ಕಾಲು ರೋಗವೂ ತಿಳಿಯಿತು. ಗೋಡೆಯ ನೆತ್ತಿಯಲ್ಲಿ ಬಿರುಕಿದೆ, ಅಲ್ಲಿಂದ ನೀರು ಒಳಗಿಳಿಯುತ್ತದೆ. ಮೊದಲಾದರೆ ಇಳಿದ ನೀರು ಎರಡೂ ಮೈಯಿಂದ ಆರಿ ಹೋಗುತ್ತಿತ್ತು. ಈಗ ಎರಡೂ ಮೈಗೆ ರೇನ್‌ಕೋಟು ತೊಡಿಸಿ ನೆತ್ತಿಯನ್ನು ತೆರೆದಿಟ್ಟಿದ್ದಾಳೆ. ಒಳಹೋದ ನೀರಿಗೆ ಹೊರಗೆ ದಾರಿ ಇಲ್ಲ. ಇಟ್ಟಿಗೆಯಲ್ಲೇ ಕೂರಬೇಕು, ಇಲ್ಲ ಕೆಳಗಿನ ಕೋಣೆಗಿಳಿಯಬೇಕು. ಉಳಿದ ಪ್ರಶ್ನೆ ಒಂದೇ. ಇಟ್ಟಿಗೆ ಬರೀ ನೆನೆದಿದೆಯೋ, ಕೊಳೆತೇ ಹೋಗಿದೆಯೋ? ನೆನೆದಿದ್ದರೆ ನೆತ್ತಿ ಮುಚ್ಚಿದರೆ ಸಾಕು, ಕೊಳೆತಿದ್ದರೆ ಇಡೀ ಗೋಡೆ ಕೆಡವಬೇಕು. ಅದನ್ನು ಹೇಳಬೇಕಾದದ್ದು ಕಿವಿ.

ಬೆಡ್‌ಶೀಟಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಹೆಂಡತಿ ಕೆಳಗೆ ಮರಳು ಜರಡಿ ಹಿಡಿಯುತ್ತಿದ್ದಳು. ಅವನು ಕರಣೆ ತಿರುಗಿಸಿ ತಟ್ಟಿದ. ಏನೂ ಇಲ್ಲ. ಎಡಗಿವಿಯನ್ನು ಗೋಡೆಗೆ ಹತ್ತಿರ ತಂದು ಮತ್ತೆ ತಟ್ಟಿದ. ಗುಂಯ್ ಅನ್ನುವುದರ ಹಿಂದೆ ಎಲ್ಲೋ ಒಂದು ಮೊಂಡು ಸದ್ದು. ಎರಡು ಮೊಳ ಆಚೆ ತಟ್ಟಿದ, ಅದೇ ಸದ್ದು. ಈ ತುದಿಯಿಂದ ಆ ತುದಿಯವರೆಗೆ, ಅಭ್ಯಾಸದಂತೆ ತಲೆ ಓರೆ ಮಾಡಿಕೊಂಡು, ತಟ್ಟುತ್ತ ಹೋದ. ನಾಟಕದಲ್ಲಿ ಮಾತು ಮರೆತವನ ಪಾಡು ಅವನದು.

“ಏನನ್ನುತ್ತೆ ಗೋಡೆ?” ಅಂತ ಅವಳು ನಗುತ್ತ ಕೇಳಿದಳು.

“ಗಟ್ಟಿ ಇದೆ ಅಕ್ಕ,” ಅಂದುಬಿಟ್ಟ. “ಮೇಲ್ಗಡೆ ಮಾತ್ರ ತೊಂದ್ರೆ. ಮೂರು ದಿನದಲ್ಲಿ ಮುಗಿಸ್ತೀನಿ.”

ಆ ಗಳಿಗೆಯಲ್ಲಿ ಹೆಂಡತಿಯನ್ನು ಮೇಲೆ ಕರೆದು ಒಂದು ಸಲ ತಟ್ಟಿಸಿದ್ದರೆ ಮುಗಿದುಹೋಗುತ್ತಿತ್ತು. ಕರೆಯಲಿಲ್ಲ. ಮೂವತ್ತೆರಡು ವರ್ಷದ ಹೆಸರು ನಾಲಿಗೆಯನ್ನು ಕಟ್ಟಿಹಾಕಿತು.

ಮಿಕ್ಕ ಕೆಲಸದಲ್ಲಿ ಅವನು ಒಂದು ಕೂದಲೆಳೆಯಷ್ಟೂ ಮೋಸ ಮಾಡಲಿಲ್ಲ, ಅದನ್ನೂ ಹೇಳಬೇಕು. ಪಾಚಿಯನ್ನು ತಂತಿಯ ಬ್ರಷ್ಷಿನಿಂದ ಕೆರೆದ. ಬಿರುಕುಗಳನ್ನು ಉಳಿಯಿಂದ ಅಗಲಿಸಿ, ತೊಳೆದು, ಗಾರೆ ತುಂಬಿದ. ತಾರಸಿ ಗೋಡೆಗೆ ಸೇರುವ ಮೂಲೆಯನ್ನು ನೀರು ನಿಲ್ಲದಂತೆ ದುಂಡಗೆ ಮಾಡಿದ. ಗೋಡೆಯ ನೆತ್ತಿಗೆ ಹೊಸ ಹೊದಿಕೆ ಎರೆದು, ಅದಕ್ಕೆ ತಾರಸಿಯ ಕಡೆ ನೀರು ಇಳಿಯುವಂತೆ ವಾಟ ಕೊಟ್ಟು, ಎರಡು ಬದಿಗೂ ಎರಡು ಬೆರಳು ಚಾಚುವಂತೆ ಬಿಟ್ಟು, ಹನಿಗಳು ಗೋಡೆಗೆ ಹರಿಯದೆ ಕಳಚಿ ಬೀಳಲೆಂದು ಅಡಿಯಲ್ಲಿ ಗೀರು ಹಾಕಿದ. ನೋಡಿದವರು ಕಣ್ಣಿಗೆ ಒತ್ತಿಕೊಳ್ಳಬೇಕು, ಹಾಗಿತ್ತು. ಬಣ್ಣವೂ ಬಿತ್ತು. ಗೋಡೆ ಮದುವೆಗೆ ಹೊರಟಂತೆ ನಿಂತಿತ್ತು.

ಮೂರನೆಯ ದಿನ ಸಂಜೆ, ಬಿಚ್ಚಿಟ್ಟಿದ್ದ ರಾಟೆಯನ್ನು ಮತ್ತೆ ಕೂರಿಸಲು ಗೋಡೆ ಕೊರೆದ. ಯಂತ್ರ ಬೆಣ್ಣೆಗೆ ಇಳಿದಂತೆ ಇಳಿಯಿತು. ಇಟ್ಟಿಗೆ ಕೊರೆದರೆ ಒಣ ಕೆಂಪು ಪುಡಿ ಹಾರಬೇಕು, ಇಲ್ಲಿ ಹಾರಲಿಲ್ಲ. ಕೊರೆಯುವ ಕಡ್ಡಿಗೆ ಏನೋ ಮೆತ್ತಿಕೊಂಡಿತು. ನಿನ್ನೆ ತೊಳೆದದ್ದರ ನೀರು ಇರಬೇಕು ಅಂತ ಮನಸ್ಸಿಗೆ ಹೇಳಿ, ಬೋಲ್ಟು ಹಾಕಿ ಬಿಗಿಸಿದ. ಕಡ್ಡಿಯನ್ನು ಒರೆಸಿ ನೋಡಲಿಲ್ಲ. ನೋಡಲು ಮನಸ್ಸು ಬರಲಿಲ್ಲ ಅನ್ನುವುದೇ ಸರಿ.

“ನಾಳೆ ಬೆಳಿಗ್ಗೆ ಶೀಟು ಹಾಕ್ತೀನಿ. ಬಂದು ಕೂತ್ಕೋತೀರಲ್ಲ ಕೆಳಗೆ? ನಿಮ್ಮ ರೂಢಿ ಊರಿಗೆಲ್ಲ ಗೊತ್ತು” ಅಂದಳು ಬೆಡ್‌ಶೀಟಕ್ಕ.

“ನಾಳೆ ಬೇರೆ ಕಡೆ ಕೆಲಸ ಇದೆ ಅಕ್ಕ. ನೀವು ಹಾಕಿ, ಏನೂ ಆಗಲ್ಲ.”

ಬೇರೆ ಕಡೆ ಯಾವ ಕೆಲಸವೂ ಇರಲಿಲ್ಲ. ಹೆಂಡತಿ ಚೀಲ ಕಟ್ಟುತ್ತಿದ್ದವಳು ತಲೆಯೆತ್ತಿ ಅವನ ಮುಖ ನೋಡಿದಳು. ಅವನು ಕೆಮ್ಮಿದ.

ಮರುದಿನ ಬೆಳಗ್ಗೆ ಒಂಬತ್ತೂವರೆಯ ಹೊತ್ತಿಗೆ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಸಾಮಾನು ತೊಳೆಯುತ್ತಿದ್ದ. ಕೊರೆಯುವ ಕಡ್ಡಿ ಕೈಗೆ ಬಂತು. ಅದರ ಸುರುಳಿಯಲ್ಲಿ ಕೆಂಪಗೆ ಏನೋ ಮೆತ್ತಿತ್ತು. ರಾತ್ರಿ ಕಳೆದರೂ ಒಣಗಿರಲಿಲ್ಲ. ಬೆರಳಲ್ಲಿ ಉಜ್ಜಿದ. ಪುಡಿಯಲ್ಲ, ಕೆಸರು. ಮೂಸಿದ, ಹಳೆಯ ಬಾವಿಯ ವಾಸನೆ. ಸುಟ್ಟ ಇಟ್ಟಿಗೆ ಮತ್ತೆ ಮಣ್ಣಾಗಿತ್ತು.

ಗೋಡೆ ಕಣ್ಣಮುಂದೆ ಬಂತು. ಹೊರಗಿನ ಗಾರೆಯ ಚಿಪ್ಪು, ಒಳಗೆ ಕೆಸರು, ಮೇಲೆ ತಾನೇ ಹೇರಿದ ಹೊಸ ಹೊದಿಕೆಯ ಭಾರ, ಹೊರಮೈಯಲ್ಲಿ ತಾನೇ ಬಿಗಿದ ರಾಟೆ. ಹದಿನೆಂಟು ಒದ್ದೆ ಶೀಟು ಅದನ್ನು ಹಿತ್ತಲ ಕಡೆಗೆ ಎಳೆಯುತ್ತವೆ. ಬುಡದಲ್ಲಿ ಹತ್ತು ಗಂಟೆಗೆ ಕುರ್ಚಿ.

ಫೋನು ಒತ್ತಿದ. ಎಡಗಿವಿಗೆ ಹಿಡಿದ. ಅತ್ತ ಎತ್ತಿದರೋ ಇಲ್ಲವೋ ತಿಳಿಯಲಿಲ್ಲ, ಬರೀ ಗುಂಯ್. “ಅಕ್ಕಾ? ಅಕ್ಕಾ, ಶೀಟು ಹಾಕಬೇಡಿ! ಕೇಳಿಸ್ತಿದೆಯಾ?” ಅಂತ ಕೂಗಿದ. ಹೂಂ ಅಂದಳೋ, ಯಾಕೆ ಅಂದಳೋ, ಫೋನೇ ಎತ್ತಿಲ್ಲವೋ? ಫೋನನ್ನು ಮುಖದ ಮುಂದೆ ಹಿಡಿದು ನೋಡಿದ. ನಿಮಿಷದ ಅಂಕೆ ಓಡುತ್ತಿತ್ತು. ಯಾರೋ ಮಾತಾಡುತ್ತಿದ್ದಾರೆ. ಒಂದು ಅಕ್ಷರವೂ ಅವನಿಗೆ ಸಿಗುತ್ತಿಲ್ಲ.

ಕೂಗು ಕೇಳಿ ಹೆಂಡತಿ ಒಳಗಿಂದ ಬಂದಳು. ಅವಳಿಗೆ ಫೋನು ಕೊಡುವುದೆಂದರೆ ಎಲ್ಲವನ್ನೂ ಕೊಟ್ಟಂತೆ.

“ತಗೋ. ಏನಂತಾರೆ ನೋಡು. ನಂಗೆ ಕೇಳಿಸ್ತಿಲ್ಲ.”

“ಸಿಗ್ನಲ್ ಇಲ್ವಾ?”

“ಸಿಗ್ನಲ್ ಇದೆ ಕಣೇ. ಕಿವಿ ಇಲ್ಲ.”

ಅವಳು ಒಂದು ಕ್ಷಣ ಅವನನ್ನೇ ನೋಡಿದಳು. ಫೋನು ಕಿವಿಗಿಟ್ಟುಕೊಂಡಳು, ಮಾತಾಡಿದಳು, ಇನ್ನೂ ಜೋರಾಗಿ ಮಾತಾಡಿದಳು. ಆಮೇಲೆ ಫೋನು ಇಳಿಸಿ, ಅವನ ಮುಂದೆ ಬಂದು ನಿಂತು, ತುಟಿ ಕಾಣುವಂತೆ ಹೇಳಿದಳು: “ಎತ್ತಿದ್ದು ಮುದುಕರು. ಅವರಿಗೂ ಕೇಳಿಸ್ತಿಲ್ಲ! ಸೊಸೆ ಮೇಲೆ ಬಟ್ಟೆ ಹಾಕ್ತಿದ್ದಾಳೆ, ಆಮೇಲೆ ಮಾಡಿ ಅಂದು ಇಟ್ಟುಬಿಟ್ರು. ಏನಾಯ್ತು, ಹೇಳಿ!”

ಅವನು ಕಡ್ಡಿ ತೋರಿಸಿದ. ಮೂವತ್ತು ವರ್ಷ ಗಾರೆ ಕಲಸಿದವಳಿಗೆ ಬೇರೆ ಹೇಳಬೇಕಾಗಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಕೂಟರಿನ ಕೀಲಿ ತಂದಳು.

ಆ ದಾರಿ ಇಪ್ಪತ್ತು ನಿಮಿಷದ್ದು. ಹಿಂದಿನ ಹಾರನ್ನು ಅವನಿಗೆ ಕೇಳುವುದಿಲ್ಲ ಅಂತ ಅವಳಿಗೆ ಈಗ ಗೊತ್ತು. ಹಿಂದೆ ಕೂತು, ಬಸ್ಸು ಬಲಕ್ಕೆ ಬಂದರೆ ಬಲ ಭುಜಕ್ಕೆ, ಎಡಕ್ಕೆ ಬಂದರೆ ಎಡ ಭುಜಕ್ಕೆ ಬಡಿಯುತ್ತ ಬಂದಳು. ಇಷ್ಟು ದಿನ ಇವನು ಈ ಕಿವಿ ಇಟ್ಟುಕೊಂಡು ಒಬ್ಬನೇ ಓಡಾಡಿದ್ದಾನಲ್ಲ ಅನ್ನುವ ಸಿಟ್ಟೂ ಆ ಬಡಿತದಲ್ಲಿತ್ತು. ಕೆಲವು ಏಟಿಗೆ ಹಿಂದೆ ಯಾವ ಬಸ್ಸೂ ಇರಲಿಲ್ಲ. ದೊಡ್ಡ ವೃತ್ತದ ಹತ್ತಿರ ವಾಹನಗಳು ಸಾಲುಗಟ್ಟಿ ನಿಂತಿದ್ದವು. ಅವನು ಗಡಿಯಾರ ನೋಡಿದ. ಒಂಬತ್ತು ಐವತ್ತೆರಡು. ಮುದುಕರು ಈಗ ಕುರ್ಚಿ ಹುಡುಕುತ್ತಿರುತ್ತಾರೆ. ಫುಟ್‌ಪಾತಿಗೆ ಸ್ಕೂಟರ್ ಹತ್ತಿಸಿದ. ಯಾರೋ ಬಾಯಿಗೆ ಬಂದಂತೆ ಬೈದರು. ಬೈಗುಳ ಕೇಳಿಸದಿರುವುದು ಕಿವುಡಿನ ಒಂದೇ ಒಂದು ಲಾಭ.

ಹಿತ್ತಲ ಗೇಟು ತಳ್ಳಿದಾಗ ಹಗ್ಗದ ಮೇಲೆ ಹನ್ನೊಂದು ಶೀಟು ಇದ್ದವು. ಒಂದೊಂದರ ಅಂಚಿನಿಂದಲೂ ನೀರು ತೊಟ್ಟಿಕ್ಕುತ್ತಿತ್ತು. ಹಗ್ಗ ಬಿಲ್ಲಿನ ಹಾಗೆ ಬಾಗಿತ್ತು. ಗೋಡೆಯ ಬುಡದ ಬಿಸಿಲಿನಲ್ಲಿ ಮಾವನವರು ಕುರ್ಚಿಯ ಮೇಲೆ ಕಾಲು ಚಾಚಿ ಕೂತಿದ್ದರು. ಅವರ ತಲೆಯ ಮೇಲೆ, ಹತ್ತಡಿ ಎತ್ತರದಲ್ಲಿ, ಅವನು ಬಳಿದ ಹೊಸ ಬಣ್ಣ ಫಳಫಳ ಹೊಳೆಯುತ್ತಿತ್ತು.

“ಯಜಮಾನ್ರೇ, ಏಳಿ! ಈಚೆ ಬನ್ನಿ!”

ಮಾವನವರು ಪೇಪರ್ ಇಳಿಸಿ, “ಏನಪ್ಪಾ ಮೇಸ್ತ್ರಿ, ಕೂರೋಕೆ ಬಂದ್ಯಾ? ಇನ್ನೊಂದು ಕುರ್ಚಿ ಒಳಗಿದೆ” ಅಂದರು.

ಹೆಂಡತಿ ಅವರತ್ತ ಓಡಿದಳು. ಅವನು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ತಾರಸಿಗೆ ಬಂದ. ಬೆಡ್‌ಶೀಟಕ್ಕ ಹನ್ನೆರಡನೆಯ ಶೀಟನ್ನು ಕೊಡವಿ ಹಗ್ಗಕ್ಕೆ ಹಾಕುತ್ತಿದ್ದಳು.

“ಅಕ್ಕ, ಹಾಕಬೇಡಿ. ತೆಗೀರಿ ಎಲ್ಲ.”

“ಯಾಕೆ?”

ಆಗಲೂ ಒಂದು ಸುಳ್ಳು ನಾಲಿಗೆಯ ತುದಿಗೆ ಬಂತು, ಕರೆಯದೆ ಬಂತು. “ರಾಟೆಯ ಬೋಲ್ಟು... ಸರಿಯಾಗಿ ಬಿಗಿ ಆಗಿಲ್ಲ ಅನ್ಸುತ್ತೆ.”

“ಅಷ್ಟೇ ತಾನೆ? ಸಂಜೆ ಬಿಗಿ ಮಾಡಿ. ಮಧ್ಯಾಹ್ನ ಆಸ್ಪತ್ರೆ ಗಾಡಿ ಬರುತ್ತೆ, ಮೂರು ದಿನದ ಬಟ್ಟೆ ಬಾಕಿ ಬಿದ್ದಿದೆ.” ಅಂದವಳೇ ಹಗ್ಗ ಎಳೆದಳು. ಹನ್ನೆರಡನೆಯ ಶೀಟು ಗೋಡೆ ದಾಟಿ ಆಚೆ ತೇಲಿತು.

ಅವನ ಕಣ್ಣು ಗೋಡೆ ಹಳೆಯ ಮನೆಗೆ ಸೇರುವ ಮೂಲೆಯಲ್ಲಿತ್ತು. ಹೊಸ ಬಣ್ಣದ ಮೇಲೆ ಒಂದು ಗೀರು. ನಿನ್ನೆ ಇರಲಿಲ್ಲ. ಕೂದಲೆಳೆಯಷ್ಟಿದ್ದದ್ದು ಹಗ್ಗ ಎಳೆದಾಗ ದಾರದಷ್ಟಾಯಿತು. ಕೆಳಗೆ ಬಗ್ಗಿ ನೋಡಿದ. ಹೆಂಡತಿ ಮಾವನವರ ತೋಳು ಹಿಡಿದು ಎಬ್ಬಿಸುತ್ತಿದ್ದಾಳೆ, ಅವರು ಕುರ್ಚಿಯ ಕೈ ಬಿಡುತ್ತಿಲ್ಲ. ಈಗ ಇಬ್ಬರೂ ಗೋಡೆಯ ಅಡಿಯಲ್ಲಿ. ಬೆಡ್‌ಶೀಟಕ್ಕನ ಕೈ ಬಕೆಟ್ಟಿನಿಂದ ಹದಿಮೂರನೆಯದನ್ನು ಎತ್ತುತ್ತಿತ್ತು.

“ಅಕ್ಕಾ, ನಂಗೆ ಕಿವಿ ಕೇಳಲ್ಲ!” ಅಂತ ಕಿರುಚಿದ.

ಅವಳ ಕೈ ನಿಂತಿತು.

“ಒಂದು ವರ್ಷ ಆಯ್ತು. ಅವತ್ತು ತಟ್ಟಿದೆನಲ್ಲ, ನಂಗೆ ಏನೂ ಕೇಳಿಸ್ಲಿಲ್ಲ. ಸುಮ್ನೆ ಗಟ್ಟಿ ಇದೆ ಅಂದೆ. ಗಟ್ಟಿ ಇಲ್ಲ ಅಕ್ಕ. ಒಳಗೆಲ್ಲ ಕೊಳೆತು ಕೆಸರಾಗಿದೆ, ಈ ಭಾರಕ್ಕೆ ನಿಮ್ಮ ಮಾವನ ಮೇಲೆ ಬೀಳುತ್ತೆ. ನನ್ನ ಹೆಂಡ್ತೀನೂ ಅಲ್ಲೇ ಇದ್ದಾಳೆ.”

ಬೋಲ್ಟಿನ ಮಾತಿಗೆ ಅಲುಗದವಳು ಇದಕ್ಕೆ ಅಲುಗಿದಳು. ಯಾವ ಮೇಸ್ತ್ರಿಯೂ ಸುಮ್ಮನೆ ಇಂಥ ಸುಳ್ಳು ಹೇಳುವುದಿಲ್ಲ ಅಂತ ಅವಳಿಗೆ ಹೊಳೆದಿರಬೇಕು. ಶೀಟು ಬಕೆಟ್ಟಿಗೆ ಬಿತ್ತು. ಗೋಡೆಯ ಬಳಿ ಹೋಗದೆ ಮೆಟ್ಟಿಲ ತುದಿಗೆ ಓಡಿ, ಕೆಳಗೆ ಬಾಗಿ, “ಮಾವಾ! ಎದ್ದು ಈಚೆ ಬರ್ತೀರೋ ಇಲ್ವೋ!” ಅಂತ ಒಂದು ಕೂಗು ಹಾಕಿದಳು. ಆ ಕೂಗು ಮೇಸ್ತ್ರಿಗೂ ಕೇಳಿಸಿತು. ಮಾವನವರು ಹೆದರಿ ಎದ್ದರು. ಹೆಂಡತಿ ಅವರನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ಕಂಬದಾಚೆ ತಂದು ನಿಲ್ಲಿಸಿದಳು.

ಇನ್ನು ಶೀಟುಗಳು. ಬೆಡ್‌ಶೀಟಕ್ಕ ಹಗ್ಗ ಎಳೆಯಲು ಹೊರಟಾಗ ಅವನು ಕೈ ಹಿಡಿದು ತಡೆದ. ಎಳೆದರೆ ಆ ಜಗ್ಗಿಗೇ ಗೋಡೆ ಹೋಗಬಹುದು, ಹಗ್ಗ ಕತ್ತರಿಸಿದರೆ ಬಿಟ್ಟ ರಭಸಕ್ಕೂ ಹೋಗಬಹುದು. ಕೆಳಗಿನಿಂದ ಒಂದೊಂದೇ ಶೀಟನ್ನು ಬಿದಿರು ಕೋಲಿನಿಂದ ಎತ್ತಿ, ಹಗ್ಗ ಅಲುಗದಂತೆ ಇಳಿಸಬೇಕು, ಕಂಬದ ಕಡೆಯಿಂದ ಶುರುಮಾಡಿ. ಹೆಂಗಸರಿಬ್ಬರೂ ಆ ಕೆಲಸಕ್ಕೆ ಇಳಿದರು. ಅವನು ಮೇಲೆ, ತಾರಸಿಯ ಕಡೆ, ಗೋಡೆಯಿಂದ ಒಂದು ಹೆಜ್ಜೆ ದೂರ ನಿಂತು ಗೀರನ್ನು ನೋಡುತ್ತಿದ್ದ. ಒಂದು ಶೀಟು ಇಳಿದಾಗ ಗೀರು ಮುಚ್ಚಿದಂತೆ ಕಂಡಿತು. ಇನ್ನೊಂದು ಇಳಿದಾಗ ತೆರೆಯಿತು. ಬೀಳುವ ಗೋಡೆ ಮೊದಲು ಸದ್ದು ಮಾಡುತ್ತದೆ, ಒಳಗಿಂದ ಮರಳು ಸುರಿದಂತೆ. ಅದನ್ನು ಕೇಳಿ ಎಷ್ಟೋ ಸಲ ಜನರನ್ನು ಹಿಂದೆ ಸರಿಸಿದ್ದವನು ಅವನು. ಇವತ್ತು ಆ ಸದ್ದು ಬಂದರೂ ಅವನಿಗೆ ಬರುವುದಿಲ್ಲ. ಅದಕ್ಕೇ ಮೇಲಿನಿಂದಲೇ ಹೆಂಡತಿಗೆ ಕೂಗಿ ಹೇಳಿದ್ದ: “ನೀನೇ ಕೇಳ್ತಿರು. ಏನಾದ್ರೂ ಸುರಿದ ಹಾಗಾದ್ರೆ ಶೀಟು ಬಿಟ್ಟು ಓಡು. ನಂಗೆ ಕೈ ಬೀಸು.” ಗೀರಿನಿಂದ ಅವಳ ಕೈಗೆ, ಅವಳ ಕೈಯಿಂದ ಗೀರಿಗೆ ಅವನ ಕಣ್ಣು ಓಡುತ್ತಿತ್ತು.

ಒಂಬತ್ತು ಶೀಟು ಇಳಿದವು. ಉಳಿದ ಮೂರು ಗೋಡೆಗೆ ತೀರ ಹತ್ತಿರ. ಬೆಡ್‌ಶೀಟಕ್ಕ ಹೆಜ್ಜೆ ಮುಂದಿಟ್ಟಳು. ಹೆಂಡತಿ ತಟ್ಟನೆ ಅವಳ ಸೆರಗು ಹಿಡಿದೆಳೆದು, ಇನ್ನೊಂದು ಕೈಯನ್ನು ಮೇಲೆತ್ತಿ ಜೋರಾಗಿ ಬೀಸಿದಳು.

ಅವನು ಹಿಂದಕ್ಕೆ ಜಿಗಿದ. ಗೋಡೆ ಅವಸರ ಮಾಡಲಿಲ್ಲ. ನಡುವಿನಲ್ಲಿ ಒಂದಿಷ್ಟು ಹೊಟ್ಟೆ ಬಿಟ್ಟುಕೊಂಡಿತು. ಆಮೇಲೆ ರಾಟೆ, ಬೋಲ್ಟು, ವಾಟ ಕೊಟ್ಟ ಹೊಸ ಹೊದಿಕೆ, ಅಡಿಯ ಗೀರು, ಎಲ್ಲವನ್ನೂ ಹೊತ್ತುಕೊಂಡು ಎಂಟಡಿ ಉದ್ದಕ್ಕೆ ಹಿತ್ತಲಿಗೆ ಮಗುಚಿಕೊಂಡಿತು. ಸದ್ದಿಲ್ಲ, ಅವನ ಮಟ್ಟಿಗೆ. ಪಾದದಡಿಯ ತಾರಸಿ ಮಾತ್ರ ಒಮ್ಮೆ ಅದುರಿತು.

ಕೆಂಪು ಕೆಸರಿನ ಅಡಿಯಲ್ಲಿ ಕುರ್ಚಿಯ ಒಂದು ಕಾಲು ಕಾಣುತ್ತಿತ್ತು.

ಮಾವನವರು, “ನನ್ನ ಪೇಪರ್ರು...” ಅಂದರು. ಬೆಡ್‌ಶೀಟಕ್ಕ ಅವರನ್ನು ತಬ್ಬಿಕೊಂಡು ಅತ್ತಳು. ಆಮೇಲೆ ಮೇಸ್ತ್ರಿಯ ಹತ್ತಿರ ಬಂದು ಹತ್ತು ನಿಮಿಷ ಬೈದಳು. ಅವನು ತಲೆ ತಗ್ಗಿಸಿದ್ದರಿಂದ ಅವಳ ತುಟಿ ಕಾಣುತ್ತಿರಲಿಲ್ಲ. ಅವಳು ಅವನ ಗದ್ದ ಹಿಡಿದು ಮುಖ ಮೇಲೆತ್ತಿ, ಮೊದಲಿನಿಂದ ಮತ್ತೆ ಬೈದಳು. ಅದಾದ ಮೇಲೆ, “ಯಾವಾಗಿಂದ ಕಟ್ತೀರಿ?” ಅಂತ ಕೇಳಿದಳು. ಅವನಿಗೆ ಅಳು ಬಂದದ್ದು ಆಗ.

ಉಳಿದ ಎರಡು ಬದಿಯ ಗೋಡೆಗಳನ್ನು ಈ ಸಲ ತಟ್ಟಿದ್ದು ಹೆಂಡತಿ. ಕರಣೆಯನ್ನು ತಿರುಗಿಸಿ ಹಿಡಿದಳು, ತಲೆಯನ್ನು ಅವನ ಹಾಗೆ ಓರೆ ಮಾಡಲಿಲ್ಲ, ನೆಟ್ಟಗೇ ಇಟ್ಟುಕೊಂಡಳು. ಅವನು ಪಕ್ಕದಲ್ಲಿ ನಿಂತು ಅವಳ ಮುಖವನ್ನೇ ಓದುತ್ತ ನಡೆದ. ಟಣ್ ಅಂದಾಗ ಅವಳ ಹುಬ್ಬು ಸಡಿಲವಾಗುತ್ತಿತ್ತು. ಬೊದ್ ಅಂದಾಗ ಮೂಗು ಮುರಿಯುತ್ತಿದ್ದಳು, ಸಪ್ಪೆ ಸಾರು ಬಾಯಿಗಿಟ್ಟವಳ ಹಾಗೆ. ಅವನು ಪೆನ್ಸಿಲ್ ತೆಗೆದು ಸುತ್ತು ಹಾಕುತ್ತಿದ್ದ. ಒಡೆದರೆ ಪ್ರತಿಸಲವೂ ಕೊಳೆತ ಇಟ್ಟಿಗೆಯೇ.

“ನಿಂಗೆ ಇಷ್ಟೆಲ್ಲ ಗೊತ್ತಿತ್ತಾ?”

“ಮೂವತ್ತು ವರ್ಷ ಪಕ್ಕದಲ್ಲಿ ನಿಂತು ಕೇಳಿದ್ದೀನಿ. ಮಾತಾಡಬೇಡ, ಗೋಡೆ ಮಾತಾಡ್ತಿದೆ ಅಂತಿದ್ರಲ್ಲ. ಬಾಯಿ ಮುಚ್ಕೊಂಡು ನಾನೂ ಕೇಳ್ತಿದ್ದೆ.”

ಹಿತ್ತಲ ಕಡೆಯ ಪ್ಯಾರಾಪೆಟ್ಟನ್ನು ಬುಡದಿಂದ ಹೊಸದಾಗಿ ಎಬ್ಬಿಸಿದರು. ರಾಟೆಯ ಜಾಗದಲ್ಲಿ ಕಂಬಿ ಕಟ್ಟಿ ಕಾಂಕ್ರೀಟಿನ ಕಂಬ ನಿಲ್ಲಿಸಿದರು, ಅದರ ಬೇರು ತಾರಸಿಯ ತೊಲೆಗೆ. ನೆತ್ತಿಗೆ ಹೊದಿಕೆ. ಎರಡೂ ಮೈಗೆ ಬರೀ ಸುಣ್ಣ, ಗೋಡೆ ಉಸಿರಾಡಲಿ ಅಂತ. ಇಪ್ಪತ್ತೊಂದು ದಿನ ನೀರುಣಿಸಿದರು. ಬೆಡ್‌ಶೀಟಕ್ಕ ಅಷ್ಟೂ ದಿನ ಪಕ್ಕದ ಮನೆಯ ತಾರಸಿಯಲ್ಲಿ ಬಟ್ಟೆ ಒಣಗಿಸಿದಳು, ಅಷ್ಟೂ ದಿನ ಗೊಣಗಿದಳು. ಮಾವನವರು ಬಿಸಿಲಿಲ್ಲದೆ ಬಡವಾದೆ ಅಂತ ಎಲ್ಲರಿಗೂ ಹೇಳಿಕೊಂಡರು.

ಇಪ್ಪತ್ತೆರಡನೆಯ ದಿನ ಬೆಳಗ್ಗೆ ಹೆಂಡತಿ ಗೋಡೆಯನ್ನು ಕೊನೆಯ ಸಲ ತಟ್ಟಿ ನೋಡಿ ತಲೆಯಾಡಿಸಿದಳು. ಬೆಡ್‌ಶೀಟಕ್ಕ ಬಕೆಟ್ಟು ಹೊತ್ತು ಮೇಲೆ ಹೋದಳು. ಮಾವನವರು ಹೊಸ ಕುರ್ಚಿಯನ್ನು ಹಿಡಿದುಕೊಂಡು ಹಿತ್ತಲ ಕೊನೆಯ ಕಬ್ಬಿಣದ ಕಂಬದ ಹತ್ತಿರವೇ ನಿಂತಿದ್ದರು. ಗೋಡೆಯ ಬುಡದ ಬಿಸಿಲು ಖಾಲಿ ಬಿದ್ದಿತ್ತು.

“ಇವತ್ತು ನಿಂಗೆ ಬೇರೆ ಕಡೆ ಕೆಲಸ ಇಲ್ವೇನಪ್ಪಾ?” ಅಂದರು ಅವರು, ಒಂದೊಂದೇ ಅಕ್ಷರ ಬಿಡಿಸಿ, ಅವನ ಮುಖದ ಮುಂದೆ.

ಅವನು ಅವರ ಕೈಯಿಂದ ಕುರ್ಚಿ ತೆಗೆದುಕೊಂಡ. ಇಟ್ಟಿಗೆ ಚೂರುಗಳನ್ನು ಕಾಲಿನಿಂದ ಸರಿಸಿ, ಗೋಡೆಯ ಬುಡಕ್ಕೆ ಬೆನ್ನು ಕೊಟ್ಟು ಕುರ್ಚಿ ಹಾಕಿ, ಕೂತ. ತಲೆಯ ಮೇಲೆ ರಾಟೆ ತಿರುಗಿತು. ಕಿವಿಗೆ ಗುಂಯ್ ಒಂದೇ. ಎದುರಿನ ನೆಲದ ಮೇಲೆ ನೆರಳುಗಳು ಒಂದೊಂದಾಗಿ ಬಂದವು. ಎಣಿಸಿದ. ಹನ್ನೊಂದು. ಹನ್ನೆರಡು. ಕೈ ಕುರ್ಚಿಯ ಹಿಡಿಯನ್ನು ಕಚ್ಚಿಕೊಂಡಿತು. ಏಳಬೇಕು ಅನ್ನಿಸಿತು, ಏಳಲಿಲ್ಲ. ಹದಿಮೂರು.

ಆಗ ಪಕ್ಕದಲ್ಲಿ ಯಾರೋ ನಿಂತಂತಾಯಿತು. ಹೆಂಡತಿ. ಒಳಗಿನಿಂದ ಒಂದು ಮಣೆ ತಂದಿದ್ದಳು. ಅವನ ಬಲಗಡೆ ನಿಂತು ಏನೋ ಹೇಳಿದಳು. ಅವನು ಹೂಂ ಅನ್ನಲು ಬಾಯಿ ತೆರೆದ. ಮುಚ್ಚಿದ. ಅವಳ ಕಡೆ ಪೂರ್ತಿ ತಿರುಗಿದ.

“ಏನಂದೆ?”

ವರ್ಷಕ್ಕೆ ಮೇಲಾಗಿತ್ತು ಅವನ ಬಾಯಲ್ಲಿ ಆ ಮಾತು ಬಂದು.

“ಸ್ವಲ್ಪ ಜರುಗಿ ಅಂದೆ!” ಅಂದಳು ಅವಳು, ಹಿತ್ತಲಿಗೆಲ್ಲ ಕೇಳುವಂತೆ. “ಗಟ್ಟಿ ಇದೆ ಅಂತ ಹೇಳ್ದೋಳು ನಾನು ತಾನೆ? ನಾನೂ ಕೂರಬೇಡ್ವಾ?”

ಅವನು ಜರುಗಿದ. ಮೇಲೆ ಹದಿನಾಲ್ಕನೆಯ ಶೀಟು ಹೊರಟಿತು.